ಎಣ್ಣೆ ಎಲ್ಲ ನೋವಿಗೂ ಅಲ್ಲ

ಆಯುರ್ವೇದ ಚಿಕಿತ್ಸೆಗಳ ಬಗ್ಗೆ ಬಂದ ಪತ್ರಗಳಲ್ಲಿ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು), ಕಟಿಬಸ್ತಿ (ಸೊಂಟದ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವುದು), ಶಿರೋಧಾರೆ (ಹಣೆಯ ಮೇಲೆ ಎಣ್ಣೆಯನ್ನು ಧಾರೆಯಾಗಿ ಬಿಡುವುದು) ಇವುಗಳದೇ ಸಿಂಹಪಾಲು. ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಅಂಥವನ್ನು ಒಟ್ಟು ಸೇರಿಸಿ, ಆಯ್ದ ಪತ್ರಗಳಿಗೆ ನಮ್ಮ ವೈದ್ಯರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 38 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಸೊಂಟದ ಕೆಳಭಾಗದಲ್ಲಿ ಬಿಗಿತ, ನೋವು. ಕಾಲಿಗೆ ಇಳಿಯುವುದಿಲ್ಲ. ಏಳು ದಿನ ಕಟಿಬಸ್ತಿ ಮಾಡಿಸಿ ಎಂದಿದ್ದಾರೆ. ಮನೆಯಲ್ಲೇ ಹೆಂಡತಿಯ ಕೈಯಲ್ಲಿ ಮಾಡಿಸಿಕೊಳ್ಳಬಹುದೇ? ಒಮ್ಮೆ ಪ್ರಯತ್ನಿಸಿದೆವು, ಎಣ್ಣೆಯೆಲ್ಲ ಸೋರಿ ಹಾಸಿಗೆ ಪಾಲಾಯಿತು.

ಉತ್ತರ: ನಿಮ್ಮಂಥ ನೋವಿಗೆ, ಅಂದರೆ ಕೂತು ಕೂತು ಸ್ನಾಯು ಬಿಗಿದು ಬಂದ ನೋವಿಗೆ, ಮನೆಯಲ್ಲಿ ಮಾಡಲು ಅಡ್ಡಿಯಿಲ್ಲ. ಸೋರಿದ್ದಕ್ಕೆ ಕಾರಣ ಬಹುಶಃ ನೀವು ಮೊದಲೇ ಸೊಂಟಕ್ಕೆ ಎಣ್ಣೆ ಸವರಿದ್ದು. ಎಣ್ಣೆ ಹಚ್ಚಿದ ಚರ್ಮಕ್ಕೆ ಹಿಟ್ಟು ಅಂಟುವುದೇ ಇಲ್ಲ. ಕಟ್ಟೆ ಕೂರಿಸುವ ಜಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಕೂದಲು ದಟ್ಟವಾಗಿದ್ದರೆ ಕತ್ತರಿಸಿ ಸಣ್ಣದು ಮಾಡಿ.

400ರಿಂದ 500 ಗ್ರಾಂ ಉದ್ದಿನ ಹಿಟ್ಟಿಗೆ ಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಗಟ್ಟಿಯಾಗಿ ನಾದಬೇಕು. ನೀರು ಹೆಚ್ಚಾದರೆ ಕಟ್ಟೆ ಕುಸಿಯುತ್ತದೆ, ಕಡಿಮೆಯಾದರೆ ಹತ್ತು ನಿಮಿಷಕ್ಕೆ ಬಿರುಕು ಬಿಡುತ್ತದೆ. ಇದನ್ನು ಎರಡು ಬೆರಳು ದಪ್ಪ, ನಾಲ್ಕರಿಂದ ಐದು ಸೆಂ.ಮೀ. ಎತ್ತರದ ಪಟ್ಟಿಯಾಗಿ ಮಾಡಿ, ಒಳಗಿನ ಅಗಲ ಸುಮಾರು 13 ಸೆಂ.ಮೀ. ಇರುವಂತೆ ಬಳೆಯಾಕಾರಕ್ಕೆ ಬಳಸಿ. ಸೊಂಟದ ಎರಡೂ ಬದಿಯ ಮೂಳೆಗಳ ಮೇಲಂಚನ್ನು ಬೆರಳಿನಿಂದ ಹುಡುಕಿ. ಅವೆರಡನ್ನೂ ಸೇರಿಸುವ ಗೆರೆ ಬೆನ್ನುಮೂಳೆಯನ್ನು ದಾಟುವಲ್ಲಿ ಸೊಂಟದ ನಾಲ್ಕನೇ ಕಶೇರು (ಬೆನ್ನೆಲುಬಿನ ಮಣಿ) ಇರುತ್ತದೆ. ಬಳೆಯ ಮೇಲಂಚು ಆ ಗೆರೆಗಿಂತ ತುಸು ಮೇಲಿರಲಿ. ಒದ್ದೆ ಬೆರಳಿನಿಂದ ಒಳಗೂ ಹೊರಗೂ ಬುಡವನ್ನು ಒತ್ತಿ ಮುಚ್ಚಿ. ಮೊದಲು ಎರಡು ಚಮಚ ಎಣ್ಣೆ ಬಿಟ್ಟು ಸೋರುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಉಳಿದದ್ದು.

ಎರಡೂವರೆ ಸೆಂ.ಮೀ. ಆಳ ನಿಲ್ಲಲು 300ರಿಂದ 350 ಮಿ.ಲೀ. ಎಣ್ಣೆ ಬೇಕು. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕಾಯಿಸಿ, ನೇರ ಉರಿಯ ಮೇಲೆ ಬೇಡ. 40ರಿಂದ 42 ಡಿಗ್ರಿ ಸೆಲ್ಸಿಯಸ್ ಸಾಕು. ನಡುವಿಗೆ ಸುರಿಯದೆ ಕಟ್ಟೆಯ ಒಳಗೋಡೆಯ ಮೇಲೆ ನಿಧಾನ ಇಳಿಸಿ. ನಾಲ್ಕೈದು ನಿಮಿಷಕ್ಕೊಮ್ಮೆ ಹತ್ತಿಯಲ್ಲಿ ಒಂದಿಷ್ಟು ಎಣ್ಣೆ ಹೀರಿ ತೆಗೆದು, ಕಾಯಿಸಿದ್ದನ್ನು ತುಂಬಬೇಕು. ಈ ಬದಲಾವಣೆ ತಪ್ಪಿದರೆ ಅರ್ಧ ಗಂಟೆ ತಣ್ಣನೆಯ ಎಣ್ಣೆ ಹೊತ್ತು ಮಲಗಿದಂತಾಗುತ್ತದೆ ಅಷ್ಟೆ. ಒಟ್ಟು 30 ನಿಮಿಷ. ಬೋರಲಾಗಿ ಮಲಗುವಾಗ ಹೊಟ್ಟೆಯಡಿ ತೆಳು ದಿಂಬು ಇರಲಿ, ಇಲ್ಲವಾದರೆ ಸೊಂಟ ಒಳಕ್ಕೆ ಬಾಗಿ ನೋವು ಜಾಸ್ತಿಯಾಗುತ್ತದೆ. ಅದೇ ಎಣ್ಣೆಯನ್ನು ಅದೇ ವ್ಯಕ್ತಿಗೆ ಮೂರು ದಿನ ಬಳಸಬಹುದು, ಆಮೇಲೆ ಬದಲಿಸಿ.

ಎಣ್ಣೆ ಚರ್ಮದಿಂದಿಳಿದು ಡಿಸ್ಕ್‌ವರೆಗೂ ಹೋಗಿ ಅದನ್ನು ಸರಿಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಸಮನೆ ನಿಂತ ಬಿಸಿ, ಅಲುಗಾಡದೆ ಮಲಗಿದ ಅರ್ಧ ಗಂಟೆ, ಆಮೇಲಿನ ಹಗುರ ಮಾಲೀಶು ಸ್ನಾಯುವಿನ ಬಿಗಿತವನ್ನು ಬಿಡಿಸುತ್ತವೆ. ಹಾಗೆ ಬಿಟ್ಟ ಬಿಗಿತ ಮತ್ತೆ ಬಾರದಿರಲು ಕೂರುವ ಭಂಗಿ ಬದಲಾಗಬೇಕು, ಗಂಟೆಗೊಮ್ಮೆ ಏಳಬೇಕು. ಕಾಲಿನಲ್ಲಿ ಬಲ ಕುಂದುವುದು, ಗುದದ ಸುತ್ತ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಜ್ವರದೊಡನೆ ಬೆನ್ನುನೋವು, ಇವುಗಳಲ್ಲಿ ಯಾವುದೊಂದು ಕಂಡರೂ ಕಟಿಬಸ್ತಿಯ ಯೋಚನೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ 52 ವರ್ಷ. ಮೂರು ತಿಂಗಳಿನಿಂದ ಎರಡೂ ಕೈಗಳ ಬೆರಳ ಗಂಟುಗಳು ಊದಿಕೊಂಡಿವೆ. ಬೆಳಗ್ಗೆ ಎದ್ದಾಗ ಒಂದು ಗಂಟೆಯಾದರೂ ಮುಷ್ಟಿ ಹಿಡಿಯಲಾಗದು. ದಿನವೂ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೇನೆ. ಕಡಿಮೆಯಾಗುವ ಬದಲು ಊತ ಏರುತ್ತಿದೆ. ಎಣ್ಣೆ ಬದಲಿಸಬೇಕೇ?

ಉತ್ತರ: ಎಣ್ಣೆ ಬದಲಿಸುವುದಲ್ಲ, ಸದ್ಯಕ್ಕೆ ನಿಲ್ಲಿಸಿ.

ನೋವೆಂದರೆ ವಾತ, ವಾತಕ್ಕೆ ಎಣ್ಣೆ ಎನ್ನುವುದು ಅರ್ಧ ತಿಳಿವಳಿಕೆ. ಒಣಗಿದ, ಸವೆದ, ಕಟಕಟ ಸದ್ದು ಮಾಡುವ, ಚಳಿಗೆ ಹೆಚ್ಚಾಗುವ ನೋವಿಗೆ ಎಣ್ಣೆ ಹಿತ. ಊದಿಕೊಂಡ, ಭಾರವಾದ, ಮುಟ್ಟಿದರೆ ಬಿಸಿಯಿರುವ, ಬೆಳಗಿನ ಬಿಗಿತ ಬೇಗ ಬಿಡದ ಗಂಟಿನಲ್ಲಿ ಆಯುರ್ವೇದ ‘ಆಮ’ವನ್ನು, ಅಂದರೆ ಸರಿಯಾಗಿ ಜೀರ್ಣವಾಗದೆ ಉಳಿದ ಅಂಶವನ್ನು, ಕಾಣುತ್ತದೆ. ಜೊತೆಗೆ ನಾಲಿಗೆ ಬೆಳ್ಳಗೆ ಲೇಪ ಕಟ್ಟಿರುತ್ತದೆ, ಹಸಿವು ಸತ್ತಿರುತ್ತದೆ, ಮೈ ಭಾರ ಎನಿಸುತ್ತದೆ. ಈ ಹಂತದಲ್ಲಿ ಎಣ್ಣೆ ಹಚ್ಚಿ ತಿಕ್ಕಿದರೆ ಊತ ಏರುವುದೇ ಸರಿ. ಆಮವಾತಕ್ಕೆ ಮೊದಲು ರೂಕ್ಷ ಸ್ವೇದ, ಅಂದರೆ ಎಣ್ಣೆಯಿಲ್ಲದ ಒಣ ಶಾಖ.

ಮರಳು ಶಾಖ ಸುಲಭ. ಜರಡಿ ಹಿಡಿದ, ತೊಳೆದು ಒಣಗಿಸಿದ ಮರಳು ಅರ್ಧ ಕಿಲೋದಂತೆ ಎರಡು ಬಟ್ಟೆಗಂಟಿಗೆ ಬೇಕು. ಬಟ್ಟೆ ಹತ್ತಿಯದಾಗಿರಲಿ, ನೈಲಾನ್ ಕರಗುತ್ತದೆ. ಮರಳನ್ನು ಬಾಣಲೆಯಲ್ಲಿ ಹುರಿದು ಗಂಟು ಕಟ್ಟಿ, ನಿಮ್ಮದೇ ಮಣಿಕಟ್ಟಿನ ಒಳಭಾಗಕ್ಕೆ ಐದು ಸೆಕೆಂಡು ಒತ್ತಿ ನೋಡಿ. ನಿಮಗೆ ತಡೆಯಲಾಗದಿದ್ದರೆ ಅಮ್ಮನಿಗೂ ಬೇಡ. ಒಂದು ಗಂಟು ಕೈಯಲ್ಲಿರುವಾಗ ಇನ್ನೊಂದು ಒಣ ಬಾಣಲೆಯ ಮೇಲೆ ಸಣ್ಣ ಉರಿಯಲ್ಲಿ ಕಾಯುತ್ತಿರಲಿ. ತಿಕ್ಕದೆ, ಒತ್ತಿ ಎತ್ತುತ್ತ ಹತ್ತರಿಂದ ಹದಿನೈದು ನಿಮಿಷ. ಆದರೆ ಬೆರಳ ಗಂಟು ಕೆಂಪಾಗಿ, ತಾನೇ ಸುಡುತ್ತಿರುವ ದಿನ ಯಾವ ಶಾಖವನ್ನೂ ಕೊಡಬೇಡಿ. ಊತ ಇಳಿದು, ಹಸಿವು ಮರಳಿದ ಮೇಲೆ ವೈದ್ಯರು ಸೈಂಧವಾದಿ ತೈಲದಂಥದ್ದನ್ನು ಹೇಳಬಹುದು. ಆಗಲೂ ಸವರುವುದಷ್ಟೇ, ಹಿಂಡುವುದಲ್ಲ.

ಇದಕ್ಕಿಂತ ಮುಖ್ಯವಾದದ್ದು: ಎರಡೂ ಕೈಗಳ ಚಿಕ್ಕ ಗಂಟುಗಳು ಆರು ವಾರ ಮೀರಿ ಊದಿದ್ದರೆ ರುಮಟಾಯ್ಡ್ ಸಂಧಿವಾತವಿರಬಹುದು. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ರಕ್ತಪರೀಕ್ಷೆ ಮಾಡಿಸಿ, ಸಂಧಿರೋಗ ತಜ್ಞರನ್ನು ಕಾಣಿ. ಈ ರೋಗದಲ್ಲಿ ಗಂಟಿಗೆ ಶಾಶ್ವತ ಹಾನಿ ಆಗುವುದು ಆರಂಭದ ದಿನಗಳಲ್ಲೇ. ಶಾಖ ಕೊಡುತ್ತ ಇನ್ನೂ ಆರು ತಿಂಗಳು ಕಳೆಯುವುದು ಸಲ್ಲದು.

ಪ್ರಶ್ನೆ: ನಿದ್ರೆ ಬಾರದೆ ಶಿರೋಧಾರೆಗೆ ಸೇರಿದೆ. ಮೊದಲ ದಿನ ಹಾಯೆನಿಸಿತು. ಎರಡನೇ ದಿನದಿಂದ ತಲೆಭಾರ, ನೆಗಡಿ, ಕತ್ತು ನೋವು. ವಿಷ ಹೊರಹೋಗುವಾಗ ಹೀಗಾಗುತ್ತದೆ ಅಂತ ಹೇಳಿದರು. ನಿಜವೇ?

ಉತ್ತರ: ಅಲ್ಲ. ನೆಗಡಿ, ತಲೆಭಾರ ಬಂದರೆ ಎಲ್ಲೋ ಕ್ರಮ ತಪ್ಪಿದೆ ಎಂದೇ ಅರ್ಥ. ನಾವು ಮೊದಲು ಅನುಮಾನಿಸುವುದು ಎಣ್ಣೆಯ ಬಿಸಿಯನ್ನು. ಧಾರೆಯ ಎಣ್ಣೆ 38ರಿಂದ 40 ಡಿಗ್ರಿ ಇರಬೇಕು. ಹಣೆಯಿಂದ ಬಟ್ಟಲಿಗೆ ಇಳಿದ ಎಣ್ಣೆ ಕೆಲವೇ ನಿಮಿಷಗಳಲ್ಲಿ ತಣಿಯುತ್ತದೆ. ಅದನ್ನು ಮತ್ತೆ ಕಾಯಿಸಿ ಮೇಲಿನ ಪಾತ್ರೆಗೆ ಹಾಕಲು ಒಬ್ಬರು ಬೇರೆಯೇ ಇರಬೇಕು. ಒಬ್ಬರೇ ಎರಡೂ ಕೆಲಸ ಮಾಡುವಲ್ಲಿ ತಣ್ಣಗಿನ ಎಣ್ಣೆಯೇ ಹಣೆಗೆ ಬೀಳುತ್ತದೆ. ಎರಡನೆಯದು ಕೋಣೆಯ ಎಸಿ ಅಥವಾ ಫ್ಯಾನು. ಮೂರನೆಯದು ಕತ್ತಿನ ಕೆಳಗಿನ ದಿಂಬು. ಅದು ಎತ್ತರವಾದರೆ ತಲೆ ಹಿಂದಕ್ಕೆ ಜೋತು ನಲವತ್ತು ನಿಮಿಷ ಹಾಗೇ ಉಳಿಯುತ್ತದೆ. ನಿಮ್ಮ ಕತ್ತು ನೋವಿಗೆ ಇದೇ ಕಾರಣವಿರಬೇಕು. ಸುತ್ತಿದ ತೆಳು ಟವೆಲ್ಲು ಸಾಕು.

ಸರಿಯಾದ ಧಾರೆಯಲ್ಲಿ ಪಾತ್ರೆಯ ಬತ್ತಿ ಹಣೆಯಿಂದ ನಾಲ್ಕು ಅಂಗುಲ, ಅಂದರೆ ಏಳೆಂಟು ಸೆಂ.ಮೀ. ಮೇಲಿರುತ್ತದೆ. ಅದಕ್ಕಿಂತ ಎತ್ತರವಾದರೆ ಹನಿ ಬಡಿದಂತಾಗಿ ತಲೆ ಸಿಡಿಯುತ್ತದೆ. ಧಾರೆ ಕಡಿಯಬಾರದು, ಒಂದೇ ಬಿಂದುವಿನಲ್ಲಿ ನಿಲ್ಲಲೂಬಾರದು. ಹಣೆಯ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ತೂಗಾಡುತ್ತಿರಬೇಕು. ಕಣ್ಣಿಗೆ ಹತ್ತಿ, ಕಿವಿಗೆ ಹತ್ತಿ. ಎಣ್ಣೆ ಒಂದೂವರೆಯಿಂದ ಎರಡು ಲೀಟರ್, ಹೊತ್ತು 30ರಿಂದ 45 ನಿಮಿಷ. ಸಾಂಪ್ರದಾಯಿಕ ಕ್ರಮದಲ್ಲಿ ಅರ್ಧ ಎಣ್ಣೆ ಮೊದಲ ಮೂರು ದಿನಕ್ಕೆ, ಉಳಿದರ್ಧ ಮುಂದಿನ ಮೂರು ದಿನಕ್ಕೆ, ಏಳನೇ ದಿನ ಎರಡೂ ಬೆರೆಸಿ ಬಳಸಿ ಎಸೆಯುತ್ತಾರೆ. ಇನ್ನೊಬ್ಬರ ತಲೆಯಿಂದ ಇಳಿದ ಎಣ್ಣೆ ನಿಮ್ಮ ಹಣೆಗೆ ಬರಕೂಡದು. ಇದನ್ನು ಕೇಳಲು ಸಂಕೋಚ ಬೇಡ.

ಮುಗಿದ ಮೇಲೆ ಹತ್ತು ನಿಮಿಷ ಮಲಗಿಯೇ ಇದ್ದು, ಬೆಚ್ಚಗಿನ ನೀರಿನಲ್ಲಿ ತಲೆ ತೊಳೆದು, ಕೂದಲ ಬುಡ ಪೂರ್ತಿ ಒಣಗಿಸಿ, ನೆತ್ತಿಗೆ ಚಿಟಿಕೆ ರಾಸ್ನಾದಿ ಚೂರ್ಣ ತಿಕ್ಕಿಕೊಳ್ಳಿ. ತಕ್ಷಣ ಗಾಡಿ ಓಡಿಸಬೇಡಿ, ಮಂಪರು ಇರುತ್ತದೆ. ಮೊದಲೇ ಕಫ, ಸೈನಸ್ ತೊಂದರೆ ಇರುವವರಿಗೆ ತೈಲಧಾರೆ ಒಗ್ಗುವುದಿಲ್ಲ. ಈಗಿನ ನೆಗಡಿ ಪೂರ್ತಿ ಹೋಗುವವರೆಗೆ ನೀವೂ ನಿಲ್ಲಿಸಿ. ಅಂದಹಾಗೆ, ಧಾರೆಯನ್ನು ಏಳು ಅಥವಾ ಹದಿನಾಲ್ಕು ದಿನ ಸತತ ಮಾಡುವುದು ರೂಢಿ. ತಿಂಗಳಿಗೊಂದು ಭಾನುವಾರ ಮಾಡಿಸಿದರೆ ಅಂದಿನ ಮಟ್ಟಿಗೆ ಸುಖ, ನಿದ್ರೆಯ ಸಮಸ್ಯೆ ಅಲ್ಲೇ ಇರುತ್ತದೆ.

ಪ್ರಶ್ನೆ: ಕಂಚಿನ ಬಟ್ಟಲಲ್ಲಿ ಪಾದ ತಿಕ್ಕಿದಾಗ ಪಾದ ಕಪ್ಪಾಗುತ್ತದೆ. ಕಪ್ಪಾದಷ್ಟೂ ದೇಹದಿಂದ ಹೆಚ್ಚು ಕಲ್ಮಶ ಹೊರಬಂದಿದೆ ಅನ್ನುತ್ತಾರೆ.

ಉತ್ತರ: ಆ ಕಪ್ಪು ಬಟ್ಟಲಿನದು. ಕಂಚು ಎಂದರೆ ತಾಮ್ರ ಮತ್ತು ತವರ. ಬೆವರು, ಎಣ್ಣೆ, ಉಜ್ಜಾಟ ಸೇರಿದಾಗ ಲೋಹ ಸವೆದು ಬೂದುಗಪ್ಪಾಗುತ್ತದೆ. ಬೆವರು ಹೆಚ್ಚಿರುವ ಪಾದ ಬೇಗ ಕಪ್ಪಾಗುತ್ತದೆ, ಅಷ್ಟೆ. ಸೋಪಿನಿಂದ ತೊಳೆದರೆ ಹೋಗುತ್ತದೆ. ಪಾದಕ್ಕೆ ಹತ್ತು ನಿಮಿಷದಂತೆ ತುಪ್ಪ ಅಥವಾ ಎಣ್ಣೆ ಹಚ್ಚಿ ತಿಕ್ಕುವುದು ಮಲಗುವ ಮುನ್ನ ಹಿತವಾದದ್ದೇ. ಬಟ್ಟಲಿಲ್ಲದಿದ್ದರೆ ಹೆಬ್ಬೆರಳೂ ಆದೀತು.

ಪ್ರಶ್ನೆ: ಲಕ್ಕಿ ಸೊಪ್ಪನ್ನು ಎಣ್ಣೆಗೆ ಹಾಕಿ, ಎಣ್ಣೆ ಹಸಿರಾಗುವವರೆಗೆ ಕುದಿಸಿ ಸೋಸಿಡುತ್ತೇನೆ. ಮಂಡಿನೋವಿಗೆ ಒಳ್ಳೆಯದು. ಆದರೆ ತಿಂಗಳೊಳಗೆ ಬೂಷ್ಟು, ಕಮಟು ವಾಸನೆ. ಅಂಗಡಿಯ ತೈಲ ಮಾತ್ರ ಹೇಗೆ ಕೆಡುವುದಿಲ್ಲ?

ಉತ್ತರ: ನಿಮ್ಮ ಎಣ್ಣೆಯಲ್ಲಿ ಸೊಪ್ಪಿನ ನೀರು ಉಳಿದಿದೆ. ಹಸಿರು ಬಣ್ಣ ಬೇಗ ಬರುತ್ತದೆ, ನೀರು ಹೋಗಲು ಬಹಳ ಹೊತ್ತು ಬೇಕು. ಬಣ್ಣ ನೋಡಿ ಇಳಿಸುವವರಿಗೆಲ್ಲ ಆಗುವ ತೊಂದರೆ ಇದು.

ತೈಲಪಾಕದ ಸಾಮಾನ್ಯ ಲೆಕ್ಕ ಹೀಗೆ: ಒಂದು ಪಾಲು ಕಲ್ಕ (ಅರೆದ ಮುದ್ದೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ದ್ರವ. ದ್ರವವಾಗಿ ಸೊಪ್ಪಿನ ರಸವನ್ನೇ ಬಳಸುವುದಾದರೆ ಕಲ್ಕ ಎಣ್ಣೆಯ ಎಂಟನೇ ಒಂದು ಪಾಲು ಸಾಕು. ಮನೆಗೆ ಬೇಕಾದಷ್ಟು ಮಾಡಲು ಎಳ್ಳೆಣ್ಣೆ 250 ಮಿ.ಲೀ., ಲಕ್ಕಿ ಸೊಪ್ಪಿನ ರಸ ಒಂದು ಲೀಟರ್, ಅದೇ ಸೊಪ್ಪು ನುಣ್ಣಗೆ ಅರೆದದ್ದು 30 ಗ್ರಾಂ. ಪಾತ್ರೆ ದಪ್ಪ ತಳದ್ದು, ಕನಿಷ್ಠ ಮೂರು ಲೀಟರಿನದು ಇರಲಿ. ಕೊನೆಗೆ ನೊರೆ ಉಕ್ಕುತ್ತದೆ, ಸಣ್ಣ ಪಾತ್ರೆಯಾದರೆ ಒಲೆಗೇ ಬೆಂಕಿ.

ಮೂರನ್ನೂ ಸೇರಿಸಿ ಸಣ್ಣ ಉರಿಯಲ್ಲಿಡಿ. ಕಲ್ಕ ತಳ ಹಿಡಿಯದಂತೆ ಸೌಟಿನಿಂದ ಕೆರೆಯುತ್ತಿರಬೇಕು. ತಳ ಹಿಡಿದರೆ ಇಡೀ ಎಣ್ಣೆಗೆ ಸುಟ್ಟ ವಾಸನೆ. ಆರಂಭದಲ್ಲಿ ದೊಡ್ಡ ಗುಳ್ಳೆಗಳು ಸದ್ದು ಮಾಡುತ್ತ ಏಳುತ್ತವೆ. ಅದು ನೀರು ಕುದಿಯುವ ಸದ್ದು. ಸದ್ದು ಅಡಗುತ್ತ ಬಂದಾಗ ಒಲೆ ಬಿಟ್ಟು ಕದಲಬೇಡಿ. ಕಲ್ಕವನ್ನು ಚೂರು ತೆಗೆದು ಬೆರಳುಗಳ ನಡುವೆ ಹೊಸೆಯಿರಿ. ಬೆರಳಿಗೆ ಅಂಟದೆ ಬತ್ತಿಯಾದರೆ ಹದ ಹತ್ತಿರ ಬಂದಿದೆ. ಆ ಬತ್ತಿಯನ್ನು ಉರಿಗೆ ಹಿಡಿಯಿರಿ. ಚಟಪಟ ಎಂದರೆ ನೀರಿದೆ, ಸದ್ದಿಲ್ಲದೆ ಉರಿದರೆ ನೀರು ಹೋಗಿದೆ. ಇದೇ ಹೊತ್ತಿಗೆ ಎಣ್ಣೆಯ ಮೇಲೆ ಸಣ್ಣ ನೊರೆ ಏಳುತ್ತದೆ. ತುಪ್ಪದ ಪಾಕದಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ನೊರೆ ಅಡಗಿದಾಗ ಹದ. ಹಚ್ಚುವ ಎಣ್ಣೆಗೆ ಕಲ್ಕ ತುಸು ಗಟ್ಟಿಯಾಗುವ ಖರಪಾಕ ಹೇಳಿದೆ, ಮೂಗಿಗೆ ಬಿಡುವ ಎಣ್ಣೆಗೆ ಮೃದುಪಾಕ. ಖರ ದಾಟಿ ಕಲ್ಕ ಕರಿದು ಪುಡಿಯಾದರೆ ಅದು ದಗ್ಧ, ಚೆಲ್ಲಬೇಕಾದದ್ದೇ.

ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಬಿಟ್ಟು, ತಳದ ಗಸಿ ಕದಡದಂತೆ ಮೇಲಿನದನ್ನಷ್ಟೇ ಗಾಜಿನ ಸೀಸೆಗೆ ತುಂಬಿ. ಸೀಸೆ ಬಿಸಿಲಲ್ಲಿ ಒಣಗಿರಬೇಕು. ಅದರಲ್ಲಿ ಉಳಿದ ನಾಲ್ಕು ಹನಿ ನೀರು ನಿಮ್ಮ ಅಷ್ಟೂ ಹೊತ್ತಿನ ಶ್ರಮ ಕೆಡಿಸಲು ಸಾಕು. ವತ್ಸನಾಭಿಯಂಥ ವಿಷದ್ರವ್ಯ ಸೇರುವ ಎಣ್ಣೆಗಳನ್ನು ಮಾತ್ರ ಮನೆಯಲ್ಲಿ ಮಾಡುವ ಸಾಹಸ ಬೇಡ.

ಪ್ರಶ್ನೆ: ಕೆಲಸದ ಒತ್ತಡದಿಂದ ಭುಜ, ಕತ್ತು ಕಲ್ಲಾಗಿವೆ. ದಿನವೂ ಅಭ್ಯಂಗ ಮಾಡಿಕೊಳ್ಳಬೇಕೆಂದಿದ್ದೇನೆ. ಎಷ್ಟು ಎಣ್ಣೆ, ಎಷ್ಟು ಹೊತ್ತು, ಹೇಗೆ?

ಉತ್ತರ: ಇಡೀ ಮೈಗೆ 40ರಿಂದ 50 ಮಿ.ಲೀ. ಸಾಕು. ಚರ್ಮ ಒಣಗಿದ್ದರೆ ಇನ್ನು ಹತ್ತು ಮಿ.ಲೀ. ಊಟವಾಗಿ ಎರಡು ಮೂರು ಗಂಟೆ ಕಳೆದಿರಲಿ. ಜ್ವರ, ಅಜೀರ್ಣ, ಕಫ ಕಟ್ಟಿದ ದಿನ ಬೇಡ.

ನೆತ್ತಿಯಿಂದ ಆರಂಭಿಸಿ ಕಿವಿ, ಕತ್ತು, ಭುಜ, ತೋಳು, ಎದೆ, ಹೊಟ್ಟೆ, ಸೊಂಟ, ಕಾಲು, ಪಾದ. ಉದ್ದ ಮೂಳೆಗಳ ಮೇಲೆ ಉದ್ದಕ್ಕೆ, ಗಂಟುಗಳ ಮೇಲೆ ದುಂಡಗೆ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ. ಎಷ್ಟು ಹೊತ್ತು ಎಂಬುದಕ್ಕೆ ಸುಶ್ರುತ ಸಂಹಿತೆಯ ವ್ಯಾಖ್ಯಾನಕಾರ ಡಲ್ಹಣ ಒಂದು ಲೆಕ್ಕ ಕೊಟ್ಟಿದ್ದಾನೆ: ಎಣ್ಣೆ ರೋಮದ ಬುಡ ಮುಟ್ಟಲು 300 ಮಾತ್ರೆ (ಹೊತ್ತಿನ ಹಳೆಯ ಅಳತೆ), ಚರ್ಮಕ್ಕೆ 400, ಹೀಗೆ ಏರುತ್ತ ಮಜ್ಜೆಗೆ 900. ಇಂದಿನ ಗಡಿಯಾರದಲ್ಲಿ 900 ಮಾತ್ರೆಗೆ ಸುಮಾರು ಐದು ನಿಮಿಷ. ಮಜ್ಜೆಯ ಮಾತನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಒಂದೊಂದು ಭಾಗಕ್ಕೆ ಐದು ನಿಮಿಷವಾದರೂ ಕೊಡಿ ಎಂಬ ಸೂಚನೆ ಇವತ್ತಿಗೂ ಸರಿ. ಕಲ್ಲಾದ ಭುಜಕ್ಕೆ ಬಲ ಹಾಕಿದಷ್ಟೂ ಸ್ನಾಯು ಎದುರು ಬಿಗಿಯುತ್ತದೆ. ನೋವು ತಡೆಯಲಾಗದೆ ಉಸಿರು ಬಿಗಿಹಿಡಿದಿರಾದರೆ ಒತ್ತಡ ಹೆಚ್ಚಾಗಿದೆ ಎಂದೇ ಲೆಕ್ಕ.

ಪುರುಸೊತ್ತಿಲ್ಲದ ದಿನ ತಲೆ, ಕಿವಿ, ಪಾದಕ್ಕಾದರೂ ಹಚ್ಚಿ. ಅಷ್ಟಾಂಗಹೃದಯವೆಂಬ ಆಯುರ್ವೇದ ಗ್ರಂಥ ಒತ್ತಿ ಹೇಳುವ ಮೂರು ಜಾಗಗಳು ಇವೇ. ಕಿವಿಯೆಂದರೆ ಹಾಲೆ ಮತ್ತು ಹಿಂಭಾಗ. ತಮಟೆಯಲ್ಲಿ ತೂತಿದ್ದರೆ, ಕಿವಿ ಸೋರುತ್ತಿದ್ದರೆ ಒಳಗೆ ಹನಿ ಬಿಡಬಾರದು. ತಿಂಗಳಿಗೊಮ್ಮೆ ಒಂದೂವರೆ ಗಂಟೆ ಮಾಲೀಶು ಮಾಡಿಸುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷದ ಇದು ಮೇಲು ಎಂಬುದು ನಮ್ಮ ಅಭಿಪ್ರಾಯ. ಫೋನು ಬೇರೆ ಕೋಣೆಯಲ್ಲಿರಲಿ.

ಇಪ್ಪತ್ತು ನಿಮಿಷ ಬಿಟ್ಟು ಬೆಚ್ಚಗಿನ ನೀರು, ಹೆಸರುಹಿಟ್ಟು. ಬಚ್ಚಲಿಗೆ ಕಾಲಿಡುವ ಮೊದಲು ಅಂಗಾಲನ್ನು ಒರೆಸಿಕೊಳ್ಳಿ. ಎಣ್ಣೆಸ್ನಾನದಲ್ಲಿ ನಿಜಕ್ಕೂ ಆಗುವ ಅಪಾಯ ಜಾರಿ ಬೀಳುವುದು.

ಪ್ರಶ್ನೆ: ಮಾಲೀಶಿನವರು ಕೊನೆಗೆ ಕತ್ತು ತಿರುಗಿಸಿ ನೆಟಿಗೆ ತೆಗೆಯುತ್ತಾರೆ. ಹಗುರವೆನಿಸುತ್ತದೆ.

ಉತ್ತರ: ಬೇಡವೆನ್ನಿ. ಕತ್ತನ್ನು ಝಟ್ಟನೆ ತಿರುಚಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದುಂಟು. ಅಪರೂಪ, ಆದರೂ ಆಯಿತೆಂದರೆ ಗತಿ ಕಷ್ಟ. ಅಭ್ಯಂಗದ ಕ್ರಮದಲ್ಲಿ ಇದು ಇಲ್ಲವೇ ಇಲ್ಲ.

ಪ್ರಶ್ನೆ: ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ಸಣ್ಣಗಾಗಿದೆಯೆಂದು ಷಷ್ಟಿಕ ಶಾಲಿ ಪಿಂಡಸ್ವೇದ ಹೇಳಿದ್ದಾರೆ. ಸುರಕ್ಷಿತವೇ?

ಉತ್ತರ: ಅರವತ್ತು ದಿನದ ಭತ್ತದ ಅಕ್ಕಿಯನ್ನು ಹಾಲು ಮತ್ತು ಬಲಾಮೂಲದ (ಬಲಾ ಗಿಡದ ಬೇರಿನ) ಕಷಾಯದಲ್ಲಿ ಗಂಜಿಯಂತೆ ಬೇಯಿಸಿ, ಗಂಟು ಕಟ್ಟಿ, ಉಳಿದ ಹಾಲು ಕಷಾಯದಲ್ಲಿ ಅದ್ದಿ ಬಿಸಿ ಮಾಡುತ್ತ ಮೈಗೆ ತಿಕ್ಕುವ ಚಿಕಿತ್ಸೆ ಇದು. ಸ್ನಾಯು ಕುಗ್ಗಿದವರಿಗೆ ಬಳಸುವುದು ಸರಿಯಾದ ಕ್ರಮವೇ. ಅಪಾಯವಿರುವುದು ಬಿಸಿಯಲ್ಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸಂವೇದನೆ ಹೋಗಿದ್ದರೆ, ಸುಡುತ್ತಿದ್ದರೂ ಅವರು ‘ಹಿತವಾಗಿದೆ’ ಎನ್ನುತ್ತಾರೆ. ಮೊದಲು 10 ಗ್ರಾಂ ಮೋನೋಫಿಲಮೆಂಟ್ ಎಳೆಯಿಂದ (ಅಷ್ಟು ಒತ್ತಡಕ್ಕೆ ಬಾಗುವ ನೈಲಾನ್ ಎಳೆ) ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಸ್ಪರ್ಶ ತಿಳಿಯದ ಭಾಗಕ್ಕೆ ಗಂಟು ಬೇಡ, ಉಳಿದೆಡೆ 40 ಡಿಗ್ರಿ ಮೀರಬಾರದು. ಬಿಸಿಯನ್ನು ನೋಡುವುದು ಥರ್ಮಾಮೀಟರಿನಲ್ಲಿ ಅಥವಾ ಚಿಕಿತ್ಸಕರ ಮಣಿಕಟ್ಟಿನಲ್ಲಿ, ಅಪ್ಪನ ಮಾತಿನಲ್ಲಲ್ಲ. ಮುಗಿದ ಮೇಲೆ ಬೆರಳ ಸಂದುಗಳಲ್ಲಿ ಗಂಜಿ ಉಳಿಯದಂತೆ ತೊಳೆದು ಒರೆಸಿ, ಅಂಗಾಲಿನಲ್ಲಿ ಬೊಬ್ಬೆ ಎದ್ದಿದೆಯೇ ಎಂದು ಕಣ್ಣಾರೆ ನೋಡಿ.

ಪ್ರಶ್ನೆ: ಎಡಗಾಲಿನ ಮೀನಖಂಡ ಮಾತ್ರ ಊದಿ, ನೋಯುತ್ತಿದೆ. ಯಾವ ಎಣ್ಣೆ ಹಚ್ಚಲಿ?

ಉತ್ತರ: ಯಾವುದೂ ಬೇಡ, ತಿಕ್ಕಲೇಬೇಡಿ. ಒಂದೇ ಕಾಲು ಹೀಗೆ ಊದಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಮಾಲೀಶಿಗೆ ಅದು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ಈ ಪತ್ರಿಕೆ ಕೈಗೆ ಬರುವಷ್ಟರಲ್ಲಿ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ನೋಡುವ ಪರೀಕ್ಷೆ) ಆಗಿರಲಿ ಎಂದು ನಿಮಗೆ ಈಗಾಗಲೇ ನೇರವಾಗಿ ಬರೆದಿದ್ದೇವೆ.

ಪ್ರಶ್ನೆ: ಎಣ್ಣೆ ಹಿಡಿದ ಟವೆಲ್ಲುಗಳನ್ನು ಎಷ್ಟು ಒಗೆದರೂ ಜಿಡ್ಡು, ವಾಸನೆ ಹೋಗುವುದಿಲ್ಲ.

ಉತ್ತರ: ಒಣಗಿದ ಮೇಲೆ ಒಗೆದರೆ ಹೋಗುವುದಿಲ್ಲ. ಅದೇ ದಿನ ಪಾತ್ರೆ ತೊಳೆಯುವ ದ್ರವ ಎರಡು ಚಮಚ ಹಚ್ಚಿ ಅರ್ಧ ಗಂಟೆ ಬಿಟ್ಟು, ಬಿಸಿನೀರಿನಲ್ಲಿ ಒಗೆಯಿರಿ. ಜಿಡ್ಡು ಉಳಿದ ಬಟ್ಟೆಯನ್ನು ಡ್ರೈಯರ್‌ಗೆ ಹಾಕಬೇಡಿ, ಬಿಸಿಯಿರುವಾಗ ರಾಶಿ ಹಾಕಿಯೂ ಇಡಬೇಡಿ. ಎಣ್ಣೆ ಗಾಳಿಯೊಡನೆ ಸೇರಿ ಬಿಸಿ ಹುಟ್ಟಿಸುತ್ತದೆ, ರಾಶಿಯೊಳಗೆ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಹಗ್ಗದ ಮೇಲೆ ಬಿಡಿಸಿ ಹರವಿ. ಕಮಟು ಬಂದ ಟವೆಲ್ಲಿಗೆ ಇನ್ನು ಮಾಲೀಶಿನ ಕೆಲಸ ಬೇಡ, ನೆಲ ಒರೆಸಲೂ ಬೇಡ, ಜಾರುತ್ತದೆ.